ಸುಮ್ಮನೆ ಘಾಟು ಏರುವವರು

ಭಾನುವಾರ ನಸುಕಿನ ಐದೂವರೆಗೆ ಬಿಬವೇವಾಡಿಯ ನಮ್ಮ ಮನೆ ಮುಂದೆ ಹತ್ತು ಹದಿನೈದು ಸೈಕಲ್ಲುಗಳು ಸಾಲಾಗಿ ಹಾದು ಹೋಗುತ್ತವೆ. ಹಿಂದೆ ಮಿಣುಕುವ ಕೆಂಪು ದೀಪ, ತಲೆಗೆ ಹೆಲ್ಮೆಟ್ಟು. ಎಲ್ಲರೂ ಹೊರಟಿದ್ದು ಕಾತ್ರಜ ಘಾಟಿನ ಹಳೆಯ ಸುರಂಗಕ್ಕೆ. ಊರು ಮುಗಿದ ಮೇಲೆ ನಾಲ್ಕೈದು ಕಿಲೋಮೀಟರಿನ ಏರು. ಮೇಲೆ ಹೋಗಿ, ಕೆಳಗೆ ಹರಡಿದ ಪುಣೆಯನ್ನು ನೋಡಿ, ಚಹಾ ಕುಡಿದು, ಹೋದ ದಾರಿಯಲ್ಲೇ ವಾಪಸು. ಆ ಸಾಲಿನಲ್ಲಿ ನಾನೂ ಒಬ್ಬ.

ಮೊದಲ ಸಲ ಎಲ್ಲೂ ಕಾಲು ಊರದೆ ಸುರಂಗದ ತನಕ ಏರಿದ ದಿನ ಮನೆಗೆ ಬಂದು ಅಪ್ಪನ ಮುಂದೆ ಜಂಬ ಕೊಚ್ಚಿಕೊಂಡೆ. ಅಪ್ಪ ಪೇಪರ್ ಮಡಚಿಟ್ಟು ಕೇಳಿದರು.

"ಅಲ್ಲೇನ ಕೆಲಸಿತ್ತು ನಿನಗ?"

"ಏನಿಲ್ಲಪ್ಪಾ, ಸುಮ್ನ ಹೋಗಿದ್ದೆ."

"ಸುಮ್ನ ಯಾರರ ಘಾಟ ಏರತಾರೇನ?"

ಅವರು ತಮಾಷೆಗೆ ಕೇಳಿರಲಿಲ್ಲ. 1972ರ ಬರಗಾಲದಲ್ಲಿ ಅಥಣಿ ತಾಲೂಕಿನ ನಮ್ಮ ಹಳ್ಳಿ ಬಿಟ್ಟು ಪುಣೆಗೆ ಬಂದವರು ಅವರು. ಮೊದಲು ಭವಾನಿ ಪೇಟೆಯಲ್ಲಿ, ಆಮೇಲೆ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಬಳಿ ದುಡಿದರು. ಹನ್ನೊಂದು ವರ್ಷ, ಪ್ರತಿ ಗುರುವಾರ, ಸಾಲದ ವಸೂಲಿಗೆಂದು ಇದೇ ಘಾಟು ದಾಟಿ ಖೇಡ ಶಿವಾಪುರ, ನಸರಾಪುರದ ಅಂಗಡಿಗಳಿಗೆ ಹೋಗಿ ಬರುತ್ತಿದ್ದರು. ಸೈಕಲ್ಲಿನ ಮೇಲೆ. ಬಸ್ಸಿನ ರೊಕ್ಕ ಉಳಿದರೆ ಅದು ಅವರದು.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಈ ರಸ್ತೆಯ, ಈ ಯಂತ್ರದ ಹಿಂದಿನ ಕಥೆ ಓದತೊಡಗಿದೆ.

ನಮ್ಮ ಕಡೆಯವರಿಗೆ ಕಾತ್ರಜ ಬರೀ ಗುಡ್ಡವಲ್ಲ, ಪುಣೆಯ ಹೊಸ್ತಿಲು. ಬೆಳಗಾವಿ, ನಿಪ್ಪಾಣಿಯಿಂದ ಸಾತಾರೆಯ ಮೇಲೆ ಹಾಯ್ದು ಬರುವ ಬಸ್ಸುಗಳು ಬೈಪಾಸಿನ ಹೊಸ ಸುರಂಗ ಆಗುವವರೆಗೆ ಇದೇ ಘಾಟು ಇಳಿಯುತ್ತಿದ್ದವು. ನಿದ್ದೆಗಣ್ಣಲ್ಲಿ ಹಳೆಯ ಸುರಂಗ ದಾಟಿದೊಡನೆ ಕೆಳಗೆ ಊರ ತುಂಬ ದೀಪ ಕಾಣುತ್ತಿತ್ತು. ಪುಣೆಯವರಿಗೆ ಇದು ಶಿವಾಜಿಯ ಘಾಟು. 1663ರಲ್ಲಿ ಲಾಲ್ ಮಹಲಿನಲ್ಲಿ ಶಾಯಿಸ್ತಾಖಾನನ ಮೇಲೆ ಎರಗಿದ ರಾತ್ರಿ, ಬೆನ್ನಟ್ಟುವವರ ದಾರಿ ತಪ್ಪಿಸಲು ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ಕಾತ್ರಜದ ಕಡೆ ಓಡಿಸಿದರೆಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ, 1750ರ ಆಸುಪಾಸು, ಘಾಟಿನ ಬುಡದಲ್ಲಿ ಕೆರೆ ಕಟ್ಟಿ, ನೆಲದೊಳಗಿನ ಕಾಲುವೆಯಲ್ಲಿ ಶನಿವಾರವಾಡೆಯ ತನಕ ನೀರು ಒಯ್ದರು. ಪಂಪಿಲ್ಲ, ಯಂತ್ರವಿಲ್ಲ. ಇಳಿಜಾರನ್ನು ಲೆಕ್ಕ ಹಾಕಿ ಕೊಟ್ಟರು, ನೀರು ತಾನೇ ಹರಿಯಿತು. ಬಿಬವೇವಾಡಿಯಿಂದ ಕಾತ್ರಜಕ್ಕೆ ಹೋಗುವಾಗ ಕಣ್ಣಿಗೆ ಸಪಾಟಾಗಿ ಕಾಣುವ ರಸ್ತೆಯೂ ಕಾಲಿಗೆ ಭಾರವಾಗುತ್ತದೆ. ಆ ನೀರು ಇಳಿದ ದಿಕ್ಕಿಗೆ ನಾವು ಎದುರಾಗಿ ಏರುತ್ತಿರುತ್ತೇವೆ.

ಇನ್ನು ಘಾಟಿನ ರಸ್ತೆ. ಲಮಾಣಿಗಳ ಹೇರೆತ್ತುಗಳಿಗೆ ಕಡಿದಾದ ಕಾಲುದಾರಿ ಸಾಕಾಗಿತ್ತು. ಬಂಡಿಗೆ ಸಾಲದು. ಖಂಡಾಳದ ಬೋರ ಘಾಟಿನಲ್ಲಿ 1804ರಲ್ಲಿ ವೆಲ್ಲೆಸ್ಲಿ ಫಿರಂಗಿ ಸಾಗಿಸಲು ದಾರಿ ಮಾಡಿಸಿದ. ಗಾಡಿ ಓಡಾಡುವ ಸರಿಯಾದ ರಸ್ತೆಯನ್ನು ಗವರ್ನರ್ ಜಾನ್ ಮಾಲ್ಕಂ 1830ರಲ್ಲಿ ತೆರೆದ. ಸಾವಿರಾರು ಕೂಲಿಗಳು ದುಡಿದು, ಎಷ್ಟೋ ಜನ ಸತ್ತು, ಅದೇ ಘಾಟಿಗೆ 1863ರಲ್ಲಿ ರೈಲು ಏರಿತು. ಅದರ ಅತಿ ಕಡಿದಾದ ಭಾಗವೂ 37 ಅಡಿಗೆ 1 ಅಡಿಯ ಏರು. ಗಾಡಿರಸ್ತೆ ಅದಕ್ಕಿಂತ ಕಡಿದು. ಆದರೂ ಹೇರು ತುಂಬಿದ ಚಕ್ಕಡಿಯನ್ನು ಜೋಡೆತ್ತು ಎಳೆಯಬೇಕು, ಇಳಿಯುವಾಗ ತಡೆಯಲೂಬೇಕು. ಅದಕ್ಕೇ ಘಾಟಿನ ರಸ್ತೆ ಹಾವಿನಂತೆ ಸುತ್ತುವುದು. ಉದ್ದ ಹೆಚ್ಚಿಸಿ ಏರು ತಗ್ಗಿಸುವ ಉಪಾಯ ಅದು. ಎತ್ತಿನ ಶಕ್ತಿಗೆ ತಕ್ಕಂತೆ ಮಾಡಿದ ಏರು ಮನುಷ್ಯನ ಕಾಲಿಗೂ ಹೊಂದುತ್ತದೆ. ಸೈಕಲ್ಲಿನವನಿಗೆ ಘಾಟು ಆಗಿಬರುವುದರ ಮೊದಲ ಕಾರಣ ಇದು.

ಎರಡನೆಯದು ಗೇರು. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆಯ, ಹಿಂದಿನ ಗಾಲಿಗೆ ಚೈನಿನ ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಮಾಡಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಕೊಟ್ಟ. ಸಪಾಟು ನೆಲದಲ್ಲಿ ಇಷ್ಟು ಸಾಕು, ಏರಿನಲ್ಲಿ ಸಾಲದು. ಫ್ರಾನ್ಸಿನ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ ಎಂಬಾತ ಗುಡ್ಡ ಏರಲು ಗೇರು ಬೇಕೆಂದು ಜೀವನವಿಡೀ ವಾದಿಸಿದ. 1902ರಲ್ಲಿ ಗುಡ್ಡದ ದಾರಿಯಲ್ಲಿ ಒಂದು ಪರೀಕ್ಷೆಯೇ ನಡೆಯಿತು. ಮೂರು ಗೇರಿನ ಸೈಕಲ್ ಏರಿದ ಮಾರ್ತ್ ಎಸ್ ಎಂಬ ಹೆಣ್ಣುಮಗಳು, ಒಂದೇ ಗೇರಿನ ಚಾಂಪಿಯನ್ ಎದ್ಮೊಂ ಜಾಕ್ಲಾಂನನ್ನು ಸೋಲಿಸಿದಳು. ಆದರೂ ಮರುವರ್ಷ ಟೂರ್ ದ ಫ್ರಾನ್ಸ್ ಆರಂಭಿಸಿದ ಪತ್ರಕರ್ತ ಆಂರಿ ದೆಗ್ರಾಂಜ್ ಒಪ್ಪಲಿಲ್ಲ. ಗೇರು ನಲವತ್ತೈದು ದಾಟಿದವರಿಗೆ, ಗಂಡಸು ಸ್ನಾಯುಬಲದಿಂದ ಗೆಲ್ಲಬೇಕು ಎಂಬುದು ಅವನ ಹಟ. ಈಗಿನಂತೆ ಓಡುತ್ತಲೇ ಬದಲಿಸುವ ಗೇರಿಗೆ ಆ ಸ್ಪರ್ಧೆಯಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ.

1910ರಲ್ಲಿ ಆ ಸ್ಪರ್ಧೆ ಪಿರನೀಸ್ ಪರ್ವತದ 2115 ಮೀಟರ್ ಎತ್ತರದ ತೂರ್ಮಲೆ ಕಣಿವೆಯನ್ನು ಮೊದಲ ಬಾರಿ ಏರಿತು. ಅಲ್ಲಿ ಮುಂದಿದ್ದು ಒಕ್ತಾವ್ ಲಪೀಜ್. ನಡುನಡುವೆ ಇಳಿದು ಸೈಕಲ್ ತಳ್ಳಿಕೊಂಡೇ ಆತ ಮೇಲೆ ಹೋದದ್ದು. ಮುಂದಿನ ಏರಿನಲ್ಲಿ ಸಂಘಟಕರನ್ನು ಕೊಲೆಗಡುಕರೆಂದು ಬೈದ. ಕೊನೆಗೆ ಆ ವರ್ಷದ ಟೂರ್ ಗೆದ್ದವನೂ ಅವನೇ. ಎಲ್ಲೂ ಇಳಿಯದೆ ತೂರ್ಮಲೆ ಏರಿದ ಗುಸ್ತಾವ್ ಗಾರಿಗೂಗೆ ಬೇರೆಯೇ 100 ಫ್ರಾಂಕ್ ಬಹುಮಾನ ಸಿಕ್ಕಿತು. ಇಳಿದು ತಳ್ಳಿದವನು ಚಾಂಪಿಯನ್ ಆದ. ಇದನ್ನು ಓದಿದ ದಿನ ನನ್ನ ಜಂಬ ಅರ್ಧ ಇಳಿಯಿತು.

ಅಪ್ಪನ ಸೈಕಲ್ ಇನ್ನೂ ನಮ್ಮ ಮೆಟ್ಟಿಲ ಕೆಳಗಿದೆ. ಕಪ್ಪು ಬಣ್ಣ, 28 ಇಂಚಿನ ಗಾಲಿ, 20 ಕಿಲೋ ಮೀರಿದ ತೂಕ. ಒಂದು ದಿನ ಹಲ್ಲು ಎಣಿಸಿದೆ. ಪೆಡಲಿನ ಚಕ್ರಕ್ಕೆ 44, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ 5 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. 20 ಅಡಿಗೆ 1 ಅಡಿ ಏರುವ ರಸ್ತೆ ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿಗೂ ತನ್ನನ್ನೂ ಸೈಕಲ್ಲನ್ನೂ ಒಂದು ಗೇಣಿಗೂ ಮೇಲೆ ಎತ್ತಬೇಕು. ನನ್ನ ಸೈಕಲ್ಲಿನ ಚಿಕ್ಕ ಗೇರಿನಲ್ಲಿ ಅದೇ ಸುತ್ತಿಗೆ ಏರುವುದು ನಾಲ್ಕು ಬೆರಳಿನಷ್ಟು. ಗುಡ್ಡದ ಎತ್ತರ ಇಬ್ಬರಿಗೂ ಒಂದೇ. ನಾನು ತುತ್ತು ತುತ್ತಾಗಿ ಉಣ್ಣುತ್ತೇನೆ, ಅಪ್ಪನಿಗೆ ಇಡೀ ರೊಟ್ಟಿ ಒಮ್ಮೆಲೇ ನುಂಗಬೇಕಿತ್ತು. ಹಾಗಾಗಿ ಅವರು ಇಳಿದು ತಳ್ಳುತ್ತಿದ್ದರು. ಹಾಲಿನ ಕ್ಯಾನು ಕಟ್ಟಿಕೊಂಡವರು, ತರಕಾರಿ ಹೇರಿಕೊಂಡವರು ಎಲ್ಲರೂ ತಳ್ಳುತ್ತಿದ್ದರಂತೆ. ಅದರಲ್ಲಿ ನಾಚಿಕೆ ಏನೂ ಇರಲಿಲ್ಲ.

ಆಗ ಪುಣೆಗೆ ಸೈಕಲ್ಲುಗಳ ಊರೆಂದೇ ಹೆಸರು. ಅಪ್ಪ ಬಂದ 1972ರಲ್ಲೇ ಆಕುರ್ಡಿಯ ಬಜಾಜ್ ಕಾರ್ಖಾನೆಯ ಚೇತಕ್ ಸ್ಕೂಟರ್ ಕೂಡ ಬಂತು. ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಬೇಕಾಗಿ ಸೈಕಲ್ ಹೊಡೆಯುತ್ತಿದ್ದವರು ಸ್ಕೂಟರಿಗೆ ಹೋದರು. ಆ ರಸ್ತೆಗೆ ಈಗ ನಮ್ಮಂಥ ಸುಮ್ಮನೆ ಹೊಡೆಯುವವರು ಬಂದಿದ್ದೇವೆ. ಮುಂಬಯಿ–ಪುಣೆ ಸೈಕಲ್ ಸ್ಪರ್ಧೆಯಲ್ಲಿ ಬೋರ ಘಾಟನ್ನು ಮೊದಲು ಏರಿದವನನ್ನು ‘ಘಾಟಾಚಾ ರಾಜಾ’ ಎಂದು ಕರೆಯುತ್ತಾರೆ. ವಾರವಾರವೂ ಏರುತ್ತಿದ್ದ ಹಾಲಿನವರನ್ನು ಹಾಗೆ ಕರೆದವರಿಲ್ಲ.

ಹಾಗಾದರೆ ಅವರ ಬೆವರು ನನಗೆ ಆಟವಾಯಿತೇ? ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಏರುವಾಗ ಸಿಗುವ ಸುಖ ಸುಳ್ಳಲ್ಲ. ಉಸಿರು, ಕಾಲು, ರಸ್ತೆ ಮೂರೂ ಒಂದು ಲಯಕ್ಕೆ ಬರುತ್ತವೆ, ಆಫೀಸಿನ ಚಿಂತೆ ಎರಡನೇ ತಿರುವಿಗೇ ಉದುರುತ್ತದೆ. ಆದರೆ ಆ ಸುಖ ಗುಡ್ಡದಲ್ಲಿಲ್ಲ, ಯಾವಾಗ ಬೇಕಾದರೂ ತಿರುಗಿ ಮನೆಗೆ ಹೋಗಬಹುದೆಂಬ ಧೈರ್ಯದಲ್ಲಿದೆ. ಆ ಧೈರ್ಯವನ್ನು ನನಗೆ ದುಡಿದು ಕೊಟ್ಟವರು ಅಪ್ಪ.

ಹೋದ ದೀಪಾವಳಿಯ ಮರುದಿನ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಸುರಂಗದ ಹತ್ತಿರ ಹೋದೆ. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಇಳಿದರು. ಕೆಳಗೆ ಕಾತ್ರಜ ಕೆರೆ, ಅದರಾಚೆ ನಮ್ಮ ಬಿಬವೇವಾಡಿ, ದೂರದಲ್ಲಿ ಪರ್ವತಿ ಗುಡ್ಡ. ಬಹಳ ಹೊತ್ತು ನೋಡಿದರು.

"ಇಷ್ಟ ಚಂದ ಕಾಣತೈತೇನು ಇಲ್ಲಿಂದ?"

"ಹನ್ನೊಂದ ವರ್ಷ ಅಡ್ಡಾಡೀದಿ, ನೋಡಿಲ್ಲೇನಪ್ಪಾ?"

"ತಳ್ಳಕೋತ ಹೋಗಾವಗ ಕಣ್ಣು ಮುಂದ ಇರತಾವ. ಊರು ಹಿಂದ ಇತ್ತು. ಬರೂದ್ರಾಗ ಕತ್ತಲಾಗತಿತ್ತು, ಕಿಸೇದಾಗ ಮಂದೀ ರೊಕ್ಕ."

ಆಗ ಒಬ್ಬ ಹುಡುಗ ಏದುಸಿರು ಬಿಡುತ್ತ ಸೈಕಲ್ ತಳ್ಳಿಕೊಂಡು ಮೇಲೆ ಬಂದ. ಗೇರಿನ ಸೈಕಲ್ಲೇ. ನಮ್ಮನ್ನು ಕಂಡು ನಾಚಿಕೊಂಡು ಹತ್ತಲು ಹೋದ. ಅಪ್ಪ ಮರಾಠಿಯಲ್ಲಿ, "ಇರಲಿ ಬಾಳಾ, ಸಾವಕಾಶ ಬಾ" ಎಂದರು.