ಗೌರಮ್ಮನ ಮೂಲ: ಲಂಡನ್ನಿನ ಸಮಾಧಿಕಲ್ಲಿನಿಂದ ಹಾಲೇರಿವರೆಗೆ

ಕಣ್ಣೂರು ಕಡೆಯಿಂದ ಬಂದು ಮಾಕುಟ್ಟದ ಕಾಡು ಹತ್ತಿದರೆ, ಪೆರುಂಬಾಡಿ ದಾಟಿ ವಿರಾಜಪೇಟೆ ಸಿಗುತ್ತೆ. ಇದೇ ದಾರಿಯ ಮೇಲ್ಗಡೆ ಹೆಗ್ಗಳ ಇದೆ. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫೌಲಿಸ್‌ನ ತುಕಡಿ ಕಣ್ಣೂರಿನಿಂದ ಹೊರಟು ಹೆಗ್ಗಳ ಘಟ್ಟದಲ್ಲಿ ಕೊಡಗಿನವರ ತಡೆಗಳನ್ನು ಎದುರಿಸಿ ಮೇಲೆ ಬಂತು. ಬೇರೆ ದಿಕ್ಕುಗಳಿಂದಲೂ ಕಂಪನಿಯ ಸೈನ್ಯ ನುಗ್ಗಿತ್ತು. ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆಯ ಮೇಲೆ ಬ್ರಿಟಿಷ್ ಬಾವುಟ ಏರಿತು. ರಾಜ ಚಿಕ್ಕವೀರರಾಜೇಂದ್ರನನ್ನು ಕೊಡಗಿನಿಂದ ಹೊರಗೆ ಸಾಗಿಸಿದರು. ಕೊನೆಗೆ ಅವನ ಸಂಸಾರ ನೆಲೆ ನಿಂತದ್ದು ಕಾಶಿಯಲ್ಲಿ. ಅಲ್ಲೇ 1841ರಲ್ಲಿ ಹುಟ್ಟಿದವಳು ಗೌರಮ್ಮ.

ಅವಳ ಮುಂದಿನ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಳು. ಅದೇ ವರ್ಷ ಅರಮನೆಯಲ್ಲೇ ಕ್ರೈಸ್ತ ದೀಕ್ಷೆ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಬೆಲ್ ಜೊತೆ ಮದುವೆ, 1861ರಲ್ಲಿ ಮಗಳು ಎಡಿತ್. 1864ರ ಮಾರ್ಚ್ 30ಕ್ಕೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಾವು. ಇದನ್ನು ಸಿ. ಪಿ. ಬೆಳ್ಳಿಯಪ್ಪನವರು 2010ರಲ್ಲಿ ಪುಸ್ತಕವಾಗಿಯೇ ಬರೆದಿದ್ದಾರೆ. ನಾನಿಲ್ಲಿ ಹೇಳೋಕೆ ಹೊರಟಿರೋದು ಬೇರೆ ವಿಷಯ. ಎಡಿತ್ ಕಡೆಯಿಂದ ಹಿಂದಕ್ಕೆ ನಡೆದರೆ ಇಂಗ್ಲಿಷ್ ದಾಖಲೆ ನಮ್ಮನ್ನು ಎಲ್ಲಿವರೆಗೆ ಕರ್ಕೊಂಡು ಹೋಗುತ್ತೆ, ಎಲ್ಲಿ ಕೈ ಬಿಡುತ್ತೆ?

ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ತಾಯಿ ತೀರಿಕೊಂಡಾಗ ಎಡಿತ್‌ಗೆ ಮೂರು ವರ್ಷವೂ ತುಂಬಿರಲಿಲ್ಲ. 1867ರಲ್ಲಿ ಕ್ಯಾಂಬೆಲ್ ಮನೆಯಿಂದ ಹೋದವನು ಮತ್ತೆ ಬರಲಿಲ್ಲ. ಅಜ್ಜ ಅದಕ್ಕೂ ಮುಂಚೆ, 1859ರಲ್ಲೇ ಲಂಡನ್ನಿನಲ್ಲಿ ತೀರಿಕೊಂಡು ಕೆನ್ಸಲ್ ಗ್ರೀನ್‌ನಲ್ಲಿ ಮಣ್ಣಾಗಿದ್ದ. ಅಂದ್ರೆ 'ನಿಮ್ಮಮ್ಮ ಇಂಥಾ ಕಡೆಯವಳು ಕಣೇ' ಅಂತ ಹೇಳಬೇಕಾದ ಬಾಯಿಗಳೇ ಆ ಮಗುವಿನ ಪಕ್ಕ ಉಳಿಯಲಿಲ್ಲ. ಉಳಿದದ್ದು ಕಾಗದ, ಮತ್ತೊಂದು ಕಲ್ಲು.

ಕಲ್ಲಿನಿಂದಲೇ ಶುರು ಮಾಡೋಣ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಗೌರಮ್ಮನ ಸಮಾಧಿ ಇದೆ. ಅದರ ಬರಹವನ್ನು ನಮ್ಮ ಶಾಸನ ಓದುವ ಹಾಗೇ ಓದಿ ನೋಡಿ. ಅವಳು ಕೊಡಗಿನ ಮಾಜಿ ರಾಜನ ಮಗಳು, ಕ್ಯಾಂಬೆಲ್‌ನ ಹೆಂಡತಿ, ಹುಟ್ಟಿದ್ದು 1841ರ ಜುಲೈ 4, ಇಂಡಿಯಾದಲ್ಲಿ, ದೀಕ್ಷೆ ಆದದ್ದು ರಾಣಿಯ ಆಶ್ರಯದಲ್ಲಿ. ನಮ್ಮ ದಾನಶಾಸನಗಳಲ್ಲಿ ದಾನ ಕೊಟ್ಟವನ ಬಿರುದು ಉದ್ದಕ್ಕೆ ಬಂದು, ಭೂಮಿ ಉತ್ತ ಒಕ್ಕಲಿನ ಹೆಸರು ಬಿಟ್ಟು ಹೋಗಿರೋದನ್ನು ನೋಡಿದ್ದೀರಿ. ಇಲ್ಲೂ ಹಾಗೇ. ಅಪ್ಪ, ಗಂಡ, ರಾಣಿ ಮೂವರೂ ಇದ್ದಾರೆ, ಹೆತ್ತ ತಾಯಿ ಇಲ್ಲ. ಊರಿನ ಜಾಗದಲ್ಲಿ ಒಂದು ಇಡೀ ದೇಶ ಇದೆ.

ಇನ್ನು ಕಾಗದ. ಎಂಜಿನಿಯರ್ ಆಗಿ ನನಗೆ ಫಾರಂ ಕಂಡರೆ ಮೊದಲು ಅದರ ಕಾಲಂ ನೋಡೋ ಚಟ. ಯಾವ ಪ್ರಶ್ನೆ ಕೇಳಿಲ್ಲವೋ ಅದರ ಉತ್ತರ ಆ ದಾಖಲೆಯಲ್ಲಿ ಸಿಗಲ್ಲ. ಇಂಗ್ಲೆಂಡಿನಲ್ಲಿ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ. ಜನನ ಪತ್ರದಲ್ಲಿ ತಾಯಿಯ ಹೆಸರಿಗೂ ತವರಿನ ಹೆಸರಿಗೂ ಜಾಗ ಇದೆ. ಹಾಗಾಗಿ ಎಡಿತ್‌ನಿಂದ ಗೌರಮ್ಮನವರೆಗೆ ದಾರಿ ಸಲೀಸು. ಗೌರಮ್ಮನಿಂದ ಹಿಂದಕ್ಕೆ ಹೋಗಲು ಮದುವೆ ಪತ್ರ ಬೇಕು. ಅದರಲ್ಲಿ ವಧೂವರರ ಅಪ್ಪಂದಿರ ಹೆಸರು ಮತ್ತು ವೃತ್ತಿ ಮಾತ್ರ ಕೇಳುತ್ತಿದ್ದರು. ತಾಯಂದಿರ ಹೆಸರಿಗೆ ಅಲ್ಲಿ ಜಾಗ ಸಿಕ್ಕಿದ್ದು 2021ರಲ್ಲಿ! ಜನಗಣತಿಯಲ್ಲಿ ಹುಟ್ಟಿದ ಊರಿನ ಕಾಲಂ ಉಂಟು. ಆದರೆ ಹೊರದೇಶದಲ್ಲಿ ಹುಟ್ಟಿದವರು ದೇಶದ ಹೆಸರು ಬರೆದರೆ ಸಾಕಿತ್ತು.

ಭಾರತದ ಕಡೆಯ ಇಂಗ್ಲಿಷ್ ದಾಖಲೆಗಳಲ್ಲಿ ಸಿಗಬಹುದಲ್ಲ ಅಂತ ನೀವು ಕೇಳಬಹುದು. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಚರ್ಚುಗಳು ಕಳಿಸುತ್ತಿದ್ದ ವರದಿಗಳ ರಾಶಿಯೇ ಇದೆ. ಅವೆಲ್ಲ ದೀಕ್ಷೆ, ಮದುವೆ, ಶವಸಂಸ್ಕಾರದ ಪಟ್ಟಿಗಳು. ಕಾಶಿಯಲ್ಲಿ ವೀರಶೈವ ರಾಜನಿಗೆ ಹುಟ್ಟಿದ ಕೂಸು ಆ ಪುಸ್ತಕಕ್ಕೆ ಬರುವ ಸಂಭವವೇ ಇಲ್ಲ. ಇಂಗ್ಲಿಷ್ ಚರ್ಚಿನ ಲೆಕ್ಕದಲ್ಲಿ ಅವಳ ಕಥೆ ಶುರುವಾಗೋದು ಹನ್ನೊಂದನೇ ವಯಸ್ಸಿಗೆ.

ಆದ್ದರಿಂದ ಹೊಸದಾಗಿ ಹುಡುಕುವವರು ಸಾಮಾನ್ಯವಾಗಿ ಎರಡು ಕಡೆ ಎಡವಬಹುದು. ಒಂದು, ಹುಟ್ಟಿದ ಊರು ಬೇರೆ, ಮೂಲ ಬೇರೆ. ಗೌರಮ್ಮ ಕೊಡಗಿನ ರಾಜಕುಮಾರಿ ನಿಜ, ಆದರೆ ಅವಳು ಹುಟ್ಟುವ ಏಳು ವರ್ಷ ಮೊದಲೇ ಕೊಡಗು ಕೈತಪ್ಪಿತ್ತು. ಎರಡು, ಸಮಾಧಿಕಲ್ಲಿನಲ್ಲಿರುವ 'ಕೂರ್ಗ್' ಅನ್ನೋದು ರಾಜ್ಯದ ಹೆಸರು, ಜನಾಂಗದ ಹೆಸರಲ್ಲ. ಹಾಲೇರಿ ಅರಸರು ಕೊಡವರಲ್ಲ, ವೀರಶೈವರು. ಆ ಒಂದು ಪದ ಹಿಡಿದು ಅವಳ ತಾಯಿಯ ಮನೆತನ ಹೇಳೋಕಾಗಲ್ಲ. ಜೊತೆಗೆ ಕಾಗುಣಿತದ ತೊಂದರೆ: ಇಂಗ್ಲಿಷಿನಲ್ಲಿ ಗೌರಮ್ಮನ ಮೊದಲ ಅಕ್ಷರವನ್ನೇ ಮೂರು ಥರ ಬರೆಯುತ್ತಾರೆ. ಎಲ್ಲವನ್ನೂ ಹಾಕಿ ಹುಡುಕಬೇಕು.

ಅಪ್ಪನ ಹೆಸರು ಸಿಕ್ಕಮೇಲೆ ದಾರಿ ಕನ್ನಡಕ್ಕೆ ತಿರುಗುತ್ತೆ. ದೊಡ್ಡವೀರರಾಜೇಂದ್ರ ಬರೆಸಿದ 'ರಾಜೇಂದ್ರನಾಮೆ' 1633ರಿಂದ 1807ರವರೆಗಿನ ಹಾಲೇರಿ ವಂಶದ ಕಥೆ ಹೇಳುತ್ತೆ. ಅವನ ತಮ್ಮ ಲಿಂಗರಾಜೇಂದ್ರ, ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರ. ಕೊಡಗಿನ ಶಾಸನಗಳಿಗೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಇದ್ದೇ ಇದೆ. ಇನ್ನೊಂದು ಮೂಲವನ್ನು ಮರೀಬೇಡಿ, ಅದು ಕೋರ್ಟು. ದೊಡ್ಡವೀರರಾಜೇಂದ್ರ ಮಗಳು ದೇವಮ್ಮಾಜಿಗಾಗಿ ಕಂಪನಿಯಲ್ಲಿ ತೊಡಗಿಸಿದ್ದ ಹಣಕ್ಕಾಗಿ ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲಿ ದಾವೆ ಹೂಡಿದ್ದ. ಆಸ್ತಿ ಜಗಳದಲ್ಲಿ ಯಾರು ಯಾರ ಮಗಳು ಅನ್ನೋದನ್ನು ಬಿಡಿಸಿ ಹೇಳಲೇಬೇಕು. ಹಾಗಾಗಿ ಬೇರೆ ಕಾಗದ ಬಿಟ್ಟ ಹೆಂಗಸರ ಹೆಸರು ದಾವೆಯಲ್ಲಿ ಉಳಿಯುತ್ತೆ.

ಮಡಿಕೇರಿಯ ಗದ್ದಿಗೆಗೆ ಹೋದರೆ ದೊಡ್ಡವೀರರಾಜೇಂದ್ರನ ಪಕ್ಕದಲ್ಲೇ ರಾಣಿ ಮಹದೇವಮ್ಮಾಜಿಯ ಗದ್ದಿಗೆಯೂ ಇದೆ. ಅರಸನ ಪಕ್ಕ ರಾಣಿಗೂ ಜಾಗ ಸಿಕ್ಕಿತ್ತು ಅನ್ನೋದಕ್ಕೆ ಅದೇ ಸಾಕ್ಷಿ, ಇವತ್ತಿಗೂ ಹೋಗಿ ನೋಡಬಹುದು. ಬ್ರಾಂಪ್ಟನ್ನಿನ ಕಲ್ಲು ಗೌರಮ್ಮನಿಗೆ ಅಷ್ಟು ಮಾಡಲಿಲ್ಲ. ನಿಮ್ಮ ಮನೆಯಲ್ಲೂ ಹಳೇ ಇಂಗ್ಲಿಷ್ ಪತ್ರ, ಎಸ್ಟೇಟ್ ಕಾಗದ, ಚರ್ಚಿನ ನಕಲು ಇದ್ದರೆ, ತುಂಬಿದ ಸಾಲಿನ ಜೊತೆಗೆ ಅಚ್ಚಾದ ಕಾಲಂಗಳನ್ನೂ ಓದಿ. ಅಜ್ಜಿಯ ಹೆಸರಿಗೆ ಜಾಗವೇ ಇಲ್ಲದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ, ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ ಬರೆದಿಡಿ.