ಕರಾಚಿಯಿಂದ ಮದರಾಸಿಗೆ: ಬಳ್ಳಾರಿಯ ಒಂದು ರಾತ್ರಿ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದೆಂದು ನಾವು ಐದನೆಯ ತರಗತಿಯ ಮಕ್ಕಳಿಗೆ ಕಲಿಸುತ್ತೇವೆ. ಸೂತ್ರವು ಸರಿಯೇ. ಆದರೆ ಪ್ರಯಾಣದ ಕಾಲವು ಅಷ್ಟರಿಂದಲೇ ನಿಶ್ಚಯವಾಗದೆಂಬುದಕ್ಕೆ ನಮ್ಮ ನೆರೆಯ ಬಳ್ಳಾರಿಯೇ ಸಾಕ್ಷಿಯಾಗಿದೆ.

ಇಂಗ್ಲೆಂಡಿನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ವಿಮಾನ ಟಪಾಲು 1929ರಲ್ಲಿ ಆರಂಭವಾಯಿತು. ಏಳು ದಿನಗಳಲ್ಲಿ ಕರಾಚಿಗೆ ಬಂದಿಳಿದ ಕಾಗದಗಳು ದಕ್ಷಿಣದ ಊರುಗಳನ್ನು ಸೇರಲು ರೈಲನ್ನೇ ನೆಚ್ಚಬೇಕಾಗಿದ್ದಿತು. ಈ ವಿಳಂಬವನ್ನು ನೀಗಲು ಟಾಟಾ ಸಂಸ್ಥೆಯವರು ಕರಾಚಿಯಿಂದ ಅಹಮದಾಬಾದು, ಮುಂಬಯಿ, ಬಳ್ಳಾರಿಗಳ ಮೂಲಕ ಮದರಾಸಿಗೆ ವಿಮಾನಮಾರ್ಗವನ್ನು ಏರ್ಪಡಿಸಿದರು.

1932ನೆಯ ಇಸವಿ ಅಕ್ಟೋಬರ್ 15ರಂದು, ಬೆಳಿಗ್ಗೆ ಆರೂವರೆ ಗಂಟೆ ಕಳೆದೊಡನೆ, ಜೆ. ಆರ್. ಡಿ. ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಟಪಾಲು ಚೀಲಗಳೊಡನೆ ಒಬ್ಬರೇ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲಿನ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದುವು. ಮಧ್ಯಾಹ್ನ ಎರಡು ಗಂಟೆಯೊಳಗೆ ಅವರು ಮುಂಬಯಿಯ ಜುಹುವಿನಲ್ಲಿ ಇಳಿದರು. ಅಲ್ಲಿಂದ ಮುಂದಕ್ಕೆ ಟಪಾಲನ್ನು ಒಯ್ದವರು ನೆವಿಲ್ ವಿನ್ಸೆಂಟರು. ಅವರು ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದರಾಸನ್ನು ಸೇರಿದರು.

ಈಗ ಲೆಕ್ಕವನ್ನು ಮಾಡಿ ನೋಡೋಣ. ಈ ದಾರಿಯ ಉದ್ದ ಸುಮಾರು 1300 ಮೈಲಿ. ವಿಮಾನದ ವೇಗ ಗಂಟೆಗೆ ಸುಮಾರು 100 ಮೈಲಿ. ಉತ್ತರ, 13 ಗಂಟೆ. ಹಾಗಾದರೆ ಮರುದಿನದವರೆಗೆ ತಡವೇಕೆ? ಆರೂವರೆಗೆ 13 ಗಂಟೆಗಳನ್ನು ಕೂಡಿಸಿದರೆ ಸಂಜೆ ಏಳೂವರೆಯಾಗುತ್ತದೆ. ನಡುನಡುವೆ ಇಳಿದ ಹೊತ್ತು ಇದರ ಮೇಲೆ ಬೇರೆ. ಅಕ್ಟೋಬರಿನಲ್ಲಿ ಆರು ಗಂಟೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ಆ ವಿಮಾನದಲ್ಲಿ ದಾರಿ ತೋರುವ ರೇಡಿಯೋ ಇರಲಿಲ್ಲ. ಕೆಳಗಿನ ನದಿಗಳನ್ನೂ ರೈಲುಹಳಿಗಳನ್ನೂ ಕಣ್ಣಾರೆ ಕಂಡು ಹಾರಬೇಕಾಗಿದ್ದಿತು. ಕತ್ತಲಾದ ಮೇಲೆ ನೆಲವೇ ಕಾಣದು. ಆದುದರಿಂದ ಇಂಗ್ಲೆಂಡಿನ ಕಾಗದಗಳು ಬಳ್ಳಾರಿಯಲ್ಲಿ ಬೆಳಗನ್ನು ಕಾದವು.

ಇಂದಿನ ಜೆಟ್ ವಿಮಾನಕ್ಕೆ ರಾತ್ರಿಯ ತಡೆಯಿಲ್ಲ. ಕರಾಚಿಗೂ ಮದರಾಸಿಗೂ ನೇರವಾದ ಅಂತರ ಸುಮಾರು 1200 ಮೈಲಿ; ಗಂಟೆಗೆ 500 ಮೈಲಿಯಂತೆ ಎರಡೂವರೆ ಗಂಟೆ ಸಾಕು. ಆದರೆ 1947ರಲ್ಲಿ ಆ ಎರಡು ಊರುಗಳ ನಡುವೆ ದೇಶದ ಗಡಿಯೇ ಎದ್ದಿತು. ಸೂತ್ರವು ಇದನ್ನೂ ಅರಿಯದು.

1932ರಲ್ಲಿ ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು. 1953ರಲ್ಲಿ ಜಿಲ್ಲೆಯು ಹಂಚಿಹೋಗಿ ನಾವು ಆಂಧ್ರಕ್ಕೂ ಬಳ್ಳಾರಿಯು ಮೈಸೂರಿಗೂ ಸೇರಿದೆವು. ನಮ್ಮ ನಡುವಿನ ಮೈಲಿಗಳು ಒಂದೂ ಹೆಚ್ಚಲಿಲ್ಲ. ಆದರೂ ನಮ್ಮ ಮಕ್ಕಳು ಬಳ್ಳಾರಿಯನ್ನು ಪರರಾಜ್ಯದ ಊರೆಂದು ಓದುತ್ತಾರೆ. ಕಾಲ, ದೂರಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆಯುವಾಗ ಶಿಕ್ಷಕಬಂಧುಗಳು ಈ ವಿಮಾನದ ಕಥೆಯನ್ನೂ ಹೇಳಲಿ. ಉತ್ತರ ಬಂದ ಬಳಿಕ, ದಾರಿಯಲ್ಲಿ ಏನೇನು ಅಡ್ಡವಿದ್ದಿತೆಂದು ಮಕ್ಕಳೇ ಕೇಳುವಂತಾಗಲಿ.