ಪದರಗಳ ನಡುವಿನ ಕೊಂಡಿ: ಬದಲಾಗುವ ಜಾಲಗಳಲ್ಲಿ ಆಂದೋಲಕಗಳ ಸಮಲಯ

ಪರಸ್ಪರ ಬೆಸೆದ ಆಂದೋಲಕಗಳು ಒಂದೇ ಲಯಕ್ಕೆ ಬರುವ ಬಗೆಯನ್ನು ಕುರಮೊಟೊ 1975ರಲ್ಲಿ ಸರಳ ಸಮೀಕರಣಕ್ಕೆ ಇಳಿಸಿದರು. ತದ್ರೂಪಿ ಆಂದೋಲಕಗಳ ಸಮಲಯ ಸ್ಥಿರವೇ ಎಂಬುದನ್ನು ಜಾಲದ ಲಾಪ್ಲಾಸಿಯನ್ ಮಾತೃಕೆಯ ಐಗನ್ ಮೌಲ್ಯಗಳಿಂದ ಅಳೆಯುವ ದಾರಿಯನ್ನು ಪೆಕೋರಾ ಮತ್ತು ಕ್ಯಾರಲ್ 1998ರಲ್ಲಿ ತೋರಿಸಿದರು. ಅಲ್ಲಿ ಜಾಲ ಬದಲಾಗುವುದಿಲ್ಲ. ಕೊಂಡಿಗಳು ಬಹಳ ವೇಗವಾಗಿ ಬದಲಾಗುತ್ತಿದ್ದರೆ ಕಾಲಸರಾಸರಿ ಜಾಲವನ್ನು ನೋಡಿದರೆ ಸಾಕು ಎಂದು ಸ್ಟಿಲ್ವೆಲ್, ಬೋಲ್ಟ್, ರಾಬರ್ಸನ್ 2006ರಲ್ಲಿ ಸಾಧಿಸಿದರು. ಯಾವ ಕ್ಷಣದಲ್ಲಿ ನೋಡಿದರೂ ಜಾಲ ತುಂಡುತುಂಡಾಗಿರಬಹುದು. ಸರಾಸರಿಯಲ್ಲಿ ಇಡಿಯಾಗಿದ್ದರೆ ಸಮಲಯ ಸಾಧ್ಯ.

ಬಹುಪದರ ಜಾಲದಲ್ಲಿ ಈ ಅನುಕೂಲಕ್ಕೆ ಮಿತಿಯಿದೆ. ಎರಡು ಪದರಗಳಲ್ಲಿ ಪ್ರತಿಯೊಂದು ಗಂಟೂ ತನ್ನ ಜೊತೆಗಂಟಿಗೆ ‘ಬ’ ಎಂಬ ಸಮಾನ ಬಲದಿಂದ ಬೆಸೆದಿದೆ ಎನ್ನಿ. ಒಂದು ಪದರದ ಗಂಟುಗಳಿಗೆಲ್ಲ +1, ಇನ್ನೊಂದರವಕ್ಕೆ −1 ಕೊಟ್ಟ ಸದಿಶದ ಮೇಲೆ ಪದರದೊಳಗಿನ ಕೊಂಡಿಗಳಿಗೆ ಯಾವ ಹಿಡಿತವೂ ಇಲ್ಲ. ಅದರ ಐಗನ್ ಮೌಲ್ಯ ಯಾವಾಗಲೂ 2ಬ. ‘ಬ’ ಚಿಕ್ಕದಿರುವಾಗ ಸೊನ್ನೆಯಲ್ಲದ ಅತಿ ಕಿರಿಯ ಮೌಲ್ಯ ಇದೇ. ಒಳಕೊಂಡಿಗಳನ್ನು ಎಷ್ಟೇ ಚುರುಕಾಗಿ ಅದಲುಬದಲು ಮಾಡಿದರೂ ಪದರಗಳ ನಡುವಿನ ಅಂತರ ಅದೇ ನಿಧಾನದಲ್ಲಿ ಕರಗುತ್ತದೆ. ಪದರಗಳ ನಡುವಿನ ಕೊಂಡಿಗಳೇ ಒಟ್ಟಾಗಿ ಮಿನುಗಿದರೆ, ಸಮಲಯದ ಸಮೀಪದಲ್ಲಿರುವ ಕುರಮೊಟೊ ಆಂದೋಲಕಗಳಿಗೆ ಲೆಕ್ಕಕ್ಕೆ ಬರುವುದು ಅವು ಕೂಡಿದ್ದ ಒಟ್ಟು ಕಾಲ, ಮಿನುಗುವ ವೇಗವಲ್ಲ. ‘ಬ’ ಒಂದು ಮಿತಿ ದಾಟಿದ ಮೇಲೆ ಮಾತ್ರ ಪದರಗಳ ಒಳರಚನೆ ಮುಂದೆ ಬರುತ್ತದೆ; ಈ ಪಲ್ಲಟ ಹಠಾತ್ತನೆ ನಡೆಯುವುದನ್ನು ರಾಡಿಕ್ಕಿ ಮತ್ತು ಅರೆನಾಸ್ 2013ರಲ್ಲಿ ವಿವರಿಸಿದರು.

ವಿದ್ಯುತ್ ಗ್ರಿಡ್ಡಿನ ಪ್ರದೇಶಗಳನ್ನು ಪದರಗಳೆನ್ನುವುದು ಸಡಿಲ ಬಳಕೆ, ಏಕೆಂದರೆ ಅಲ್ಲಿ ಜೊತೆಗಂಟುಗಳಿಲ್ಲ. ಆದರೂ ದುರ್ಬಲ ಕೊಂಡಿಯ ತರ್ಕ ಅಲ್ಲಿಯೂ ನಡೆಯುತ್ತದೆ. ದಕ್ಷಿಣ ಗ್ರಿಡ್ ದೀರ್ಘಕಾಲ ಉಳಿದ ಭಾರತದೊಂದಿಗೆ ತಾಲ್ಚೇರ್–ಕೋಲಾರದಂಥ ನೇರ ವಿದ್ಯುತ್ (ಡಿಸಿ) ಮಾರ್ಗಗಳ ಮೂಲಕ ಕೂಡಿತ್ತು. ವಿದ್ಯುತ್ ಹರಿಯುತ್ತಿತ್ತು, ಆವೃತ್ತಿ ಬೆಸೆದಿರಲಿಲ್ಲ. 2012ರ ಜುಲೈ 30ರಂದು ಉತ್ತರ ಗ್ರಿಡ್, 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳು ಕುಸಿದಾಗ ದಕ್ಷಿಣ ಉಳಿದುಕೊಂಡದ್ದಕ್ಕೆ ಈ ಅಸಮಲಯವೇ ಕಾರಣ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗ ಎರಡನ್ನೂ ಒಂದೇ ಆವೃತ್ತಿಗೆ ತಂದಿತು.

ಇಂಥ ಕೊಂಡಿಯ ಬದಲಾವಣೆಗೆ ಹೊರಗಿನ ಸ್ವಿಚ್ಚೇ ಬೇಕೆಂದಿಲ್ಲ. ಮಾರ್ಗದಲ್ಲಿ ಹರಿಯುವ ವಿದ್ಯುತ್ತು ಎರಡು ತುದಿಗಳ ಪ್ರಾವಸ್ಥಾ ವ್ಯತ್ಯಾಸದ ಸೈನ್‌ಗೆ ಅನುಗುಣ. ಸಮಲಯವನ್ನು ಹಿಡಿದಿಡುವ ಬಲ ಅದರ ಕೊಸೈನ್‌ಗೆ. ಹೊರೆ ಏರಿದಷ್ಟೂ ಕೊಂಡಿ ಸಡಿಲ. ವ್ಯತ್ಯಾಸ 90 ಡಿಗ್ರಿ ಮುಟ್ಟಿದರೆ, ತಂತಿ ಕಡಿಯದಿದ್ದರೂ ಅದರ ಬಲ ಸೊನ್ನೆ.